ಚಹಾ ಇಡಲೊಂದು ಮಟ್ಟಸ ಜಾಗ

ಓದಿ ಮುಗಿಸಿದ ಪತ್ರಿಕೆಯನ್ನು ಮಡಿಚಿಡುವುದರಲ್ಲಿ ಎಂಥ ಶಾಸ್ತ್ರವಿದ್ದೀತು ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಇದೆ. ಯಾವುದೋ ದೇಶ ಇನ್ಯಾವುದೋ ದೇಶದ ಮೇಲೆ ಬಾಂಬು ಸುರಿದ ಸುದ್ದಿಯನ್ನು ಓದಿದ ಮೇಲೆ ನಾನು ಪತ್ರಿಕೆಯನ್ನು ಅಲ್ಲಿಗೇ ಮಡಿಚಲಾರೆ. ಪುಟ ತಿರುವಿ ಹತ್ತಿಯ ಧಾರಣೆಯನ್ನೋ, ವೃಷಭ ರಾಶಿಯವರಿಗೆ ಇಂದು ಬಂಧುಗಳಿಂದ ಶುಭವಾರ್ತೆ ಎಂಬ ಆಶ್ವಾಸನೆಯನ್ನೋ, ಅದೂ ಸಿಗದಿದ್ದರೆ ರಾಯಚೂರಿನ ಯಾವುದೋ ಹೊಸ ಬಡಾವಣೆಯ ನಿವೇಶನಗಳ ಜಾಹೀರಾತನ್ನೋ ಓದಿಯೇ ಏಳಬೇಕು. ನನ್ನ ರಾಶಿ ವೃಷಭವಲ್ಲ, ನಿವೇಶನ ಕೊಳ್ಳುವ ಶಕ್ತಿಯೂ ನನಗಿಲ್ಲ, ಹತ್ತಿಯನ್ನಂತೂ ದೀಪದ ಬತ್ತಿಯ ರೂಪದಲ್ಲಿ ಬಿಟ್ಟರೆ ನಾನು ಮುಟ್ಟಿದವನೇ ಅಲ್ಲ. ಆದರೂ ಓದುತ್ತೇನೆ. ನನ್ನ ಹೆಂಡತಿ ಇದನ್ನು ನಿವೃತ್ತರಿಗೆ ಬರುವ ಕಾಯಿಲೆಗಳ ಸಾಲಿಗೆ ಸೇರಿಸಿದ್ದಾಳೆ.

ಇದು ಕಾಯಿಲೆಯಲ್ಲ, ಪಿತ್ರಾರ್ಜಿತ ಆಸ್ತಿ. ನಮ್ಮ ತಂದೆ ಮಾನ್ವಿಯ ಗುಡಿಯೊಂದರಲ್ಲಿ ಸಂಜೆಯ ಹೊತ್ತು ಪುರಾಣ ಹೇಳುತ್ತಿದ್ದರು. ಸಾವಿನ ಪ್ರಸಂಗದ ಮೇಲೆ ಗ್ರಂಥ ಮುಚ್ಚಬಾರದೆಂಬುದು ಅವರ ಕಟ್ಟುನಿಟ್ಟಾದ ನೇಮ. ಯುದ್ಧದ ಭಾಗ ಬಂತೆಂದರೆ ಈ ನೇಮಕ್ಕೆ ಬಹಳ ಕಷ್ಟ, ಏಕೆಂದರೆ ಅಲ್ಲಿ ದಿನಕ್ಕೊಬ್ಬ ಮಹಾರಥಿ ಬೀಳುತ್ತಾನೆ, ಅವನು ಬಿದ್ದ ಮೇಲೆ ಮಂಗಳಕರವಾದ ಪದ್ಯವೊಂದು ಸಿಗುವವರೆಗೆ ಓದುತ್ತಲೇ ಇರಬೇಕು. ಎಷ್ಟೋ ಸಲ ಮಾರನೆಯ ದಿನದ ಸೂರ್ಯೋದಯದ ವರ್ಣನೆಯವರೆಗೆ ತಂದೆ ಧಾವಿಸಿ ಹೋಗಿ, ಸೂರ್ಯನನ್ನು ಹಿಡಿದು ಮೇಲಕ್ಕೆತ್ತಿ, ಅಲ್ಲಿ ಗ್ರಂಥ ಕಟ್ಟಿ, ಮಂಗಳಾರತಿ ಎತ್ತಿ, ಕೊಬ್ಬರಿ ಸಕ್ಕರೆ ಹಂಚುತ್ತಿದ್ದರು. ಹಸಿದ ಶ್ರೋತೃಗಳು ಸೂರ್ಯ ಮೂಡಲಿ ಎಂದು ಬೇಡಿಕೊಳ್ಳುತ್ತಿದ್ದ ಹಾಗೆ ಆ ವೀರನ ಜೀವ ಉಳಿಯಲಿ ಎಂದು ಬೇಡಿಕೊಂಡಿದ್ದು ನನಗೆ ಕಾಣಲಿಲ್ಲ. ರಣಭೂಮಿಯಲ್ಲಿ ಹೆಂಗಸರು ಬಂದು ತಮ್ಮ ತಮ್ಮ ಗಂಡಂದಿರ, ಮಕ್ಕಳ ದೇಹಗಳನ್ನು ಹುಡುಕುವ ಭಾಗವೊಂದಿರುತ್ತದೆಯಲ್ಲ, ಅದನ್ನು ಮಾತ್ರ ತಂದೆ ಅಮಂಗಳವೆಂದು ನಾಲ್ಕು ಮಾತಿನಲ್ಲಿ ಮುಗಿಸಿ ಪಟ್ಟಾಭಿಷೇಕಕ್ಕೆ ನೆಗೆಯುತ್ತಿದ್ದರು. ನಾನು ಮುಂದೆ ಕನ್ನಡದ ಮೇಷ್ಟ್ರಾಗಿ ರಾಯಚೂರಿನ ಕಾಲೇಜಿನಲ್ಲಿ ಪಾಠ ಹೇಳಿದಾಗಲೂ ಪಠ್ಯ ಮಾಡಿದವರು ಹೆಚ್ಚುಕಡಿಮೆ ನಮ್ಮ ತಂದೆಯವರ ದಾರಿಯನ್ನೇ ಹಿಡಿದಿದ್ದರು.

ಯುದ್ಧವನ್ನು ನಮ್ಮ ಕಾವ್ಯಗಳು ವರ್ಣಿಸುವ ಬಗೆ ನಿಮಗೆ ಗೊತ್ತಿರುವುದೇ. ರಕ್ತ ನದಿಯಾಗಿ ಹರಿಯುತ್ತದೆ. ಕಡಿದ ಕೈಗಳು ಅದರಲ್ಲಿ ಮೀನುಗಳು, ಹರಿದ ಬೆಳ್ಗೊಡೆಗಳು ತಾವರೆಗಳು, ಬಿದ್ದ ಆನೆಗಳು ದಿಬ್ಬಗಳು. ಮರುಳು-ಪಿಶಾಚಿಗಳು ಪಂಕ್ತಿಯಲ್ಲಿ ಕೂತು ಊಟ ಮಾಡುತ್ತವೆ, ಬಡಿಸುವವರಿಗೆ ಬಿಡುವಿಲ್ಲ. "ಈ ಪದ್ಯದಲ್ಲಿನ ಯುದ್ಧವರ್ಣನೆಯ ಸೊಗಸನ್ನು ವಿವರಿಸಿ" ಎಂಬ ಪ್ರಶ್ನೆಗೆ ನನ್ನ ವಿದ್ಯಾರ್ಥಿಗಳು ಪುಟಗಟ್ಟಲೆ ಸೊಗಸು ಬರೆದು ಪಾಸಾಗಿದ್ದಾರೆ, ಪಾಸಾಗಿ ಅದೇ ಪ್ರಶ್ನೆಯನ್ನು ಈಗ ತಮ್ಮ ವಿದ್ಯಾರ್ಥಿಗಳಿಗೆ ಕೇಳುತ್ತಿದ್ದಾರೆ. ಯುದ್ಧವು ಮನುಷ್ಯನನ್ನು ವಸ್ತುವಾಗಿಸುತ್ತದೆ ಎಂದು ವಿಮರ್ಶಕರು ಹೇಳುತ್ತಾರೆ. ಸರಿ. ಆದರೆ ಕೈಯನ್ನು ಮೀನಾಗಿಸಿದವನು ಕವಿ. ಕತ್ತಿ ಬೀಸಿದವನು ಕೈಯನ್ನು ಕಡಿದನಷ್ಟೆ, ಅದು ಒಬ್ಬ ಮನುಷ್ಯನ ಕೈ ಎಂಬುದನ್ನು ಮರೆಸಿದ್ದು ರೂಪಕಾಲಂಕಾರ. ಆ ಕೈಗೆ ಬೆಳಿಗ್ಗೆ ಯಾರಾದರೂ ರೊಟ್ಟಿ ಕೊಟ್ಟಿದ್ದರೇ ಎಂದು ಕೇಳುವಷ್ಟು ಪುರಸೊತ್ತು ಯಾವ ಪದ್ಯಕ್ಕೂ ಇಲ್ಲ, ಅಕ್ಷೌಹಿಣಿಯ ಲೆಕ್ಕದಲ್ಲಿ ಬಂದ ಕಾಲಾಳಿಗೆ ಹೆಸರೂ ಇಲ್ಲ.

ಹೊಸ ಸಾಹಿತ್ಯ ಹೀಗಿಲ್ಲ ಎಂದು ನೀವು ವಾದಿಸುತ್ತೀರಿ. ನಾನೂ ವಾದಿಸುತ್ತಿದ್ದೆ. ಕೆಸರು, ಹೇನು, ಹಸಿವು, ಕಂದಕಗಳಲ್ಲಿ ಕೊಳೆಯುವ ಯೌವನ, ಇದನ್ನೆಲ್ಲ ಪರದೇಶಗಳ ಕಾದಂಬರಿಕಾರರು ಬರೆದರು, ನಾವು ಅನುವಾದದಲ್ಲಿ ಓದಿದೆವು, ಓದಿ ಕಣ್ಣೊರೆಸಿಕೊಂಡು ಮಂಡಾಳು ವಗ್ಗರಣಿಗೆ ಮೆಣಸಿನಕಾಯಿ ಬಜಿ ನಂಚಿಕೊಂಡೆವು. ಸಹೃದಯನ ಕಣ್ಣೀರು ಬಹಳ ಆರೋಗ್ಯಕರವಾದದ್ದು, ಹಸಿವೆಯನ್ನು ಹೆಚ್ಚಿಸುತ್ತದೆ. ಈ ಸಂಗತಿ ನನಗೆ ಮನವರಿಕೆಯಾಗುತ್ತಾ ಬಂದದ್ದು ನಿವೃತ್ತಿಯ ನಂತರ, ರಾಯಚೂರಿನ ಗ್ರಂಥಾಲಯದಲ್ಲಿ ದುರುಗಪ್ಪನವರ ಪರಿಚಯವಾದ ಮೇಲೆ.

ಬೇಸಿಗೆಯಲ್ಲಿ ನಮ್ಮೂರ ಗ್ರಂಥಾಲಯಕ್ಕೆ ಜನ ಬರುವುದು ಜ್ಞಾನಕ್ಕಾಗಿ ಎಂದು ಹೇಳಿದರೆ ಫ್ಯಾನುಗಳಿಗೆ ಅನ್ಯಾಯ ಮಾಡಿದಂತೆ. ಬಿಸಿಲು ಬೀದಿಯಲ್ಲಿದ್ದವರನ್ನೆಲ್ಲ ಗುಡಿಸಿ ಒಳಗೆ ಹಾಕುತ್ತದೆ. ಅಂಥದೊಂದು ಮಧ್ಯಾಹ್ನ ನನ್ನ ಎದುರಿನ ಮೇಜಿನ ಮೇಲೆ ಒಬ್ಬರು ದಪ್ಪನೆಯ ಯುದ್ಧ ಕಾದಂಬರಿಯೊಂದನ್ನು ಧೊಪ್ಪೆಂದು ಇಟ್ಟು, ಪರಿಚಯವೇ ಇಲ್ಲದ ನನ್ನ ಮೇಲೆ ಸಿಟ್ಟಾದರು. "ಏನ್ ಪುಸ್ತಕ್ರಿ ಇದು! ಮಂದಿ ಹಿಂಡುಗಟ್ಟಲೆ ಸಾಯ್ತಾರ, ಒಬ್ಬನಿಗರ ಉಚ್ಚಿ ಬರಂಗಿಲ್ಲ."

ಹಾಗೆ ಶುರುವಾಯಿತು ಸ್ನೇಹ. ದುರುಗಪ್ಪ ದೇವದುರ್ಗದ ಕಡೆಯ ಅರಕೇರಾದವರು. ಕೂಲಿ ಮಾಡುವವರ ಮನೆಯಲ್ಲಿ ಹುಟ್ಟಿ, ಓದಿ, ಸೈನ್ಯ ಸೇರಿ, ಸುಬೇದಾರರಾಗಿ ನಿವೃತ್ತರಾಗಿ, ಈಗ ಮಕ್ಕಳ ಓದಿಗಾಗಿ ರಾಯಚೂರಿನಲ್ಲಿ ಮನೆ ಮಾಡಿಕೊಂಡವರು. ಜಗಳಗಂಟ ಓದುಗ. ಗ್ರಂಥಾಲಯದಲ್ಲಿ ಯುದ್ಧದ ಮೇಲಿದ್ದ ಎಲ್ಲ ಪುಸ್ತಕಗಳನ್ನೂ ಓದಿ, ಎಲ್ಲವನ್ನೂ ಬೈದಿದ್ದರು. ಸಾಯುವ ಸೈನಿಕ ಗೆಳೆಯನ ತೊಡೆಯ ಮೇಲೆ ತಲೆಯಿಟ್ಟು ದೇಶದ ಬಗ್ಗೆ, ಪ್ರೀತಿಸಿದ ಹುಡುಗಿಯ ಬಗ್ಗೆ ಒಂದೂವರೆ ಪುಟ ಮಾತಾಡುವ ಕಡೆ ಅವರು ಬೆರಳಿಟ್ಟು, "ಇವಗ ಗುಂಡು ಎಲ್ಲಿ ಬಡದದ ಕೇಳ್ರಿ ಸರ. ಎದಿಗಿ ಬಡದವಗ ನೀರು ಅನ್ನಾಕ ಬಂದ್ರ ಅದಾ ದೊಡ್ಡದು" ಎಂದರು. ಒಂದೇ ಒಂದು ಕಾದಂಬರಿಯ ಒಂದೇ ಒಂದು ಪುಟವನ್ನು ಅವರು ಮೆಚ್ಚಿದ್ದರು. ಅದರಲ್ಲಿ ಹಸಿದ ಸೈನಿಕರು ಸತ್ತವನ ಚೀಲ ತಡಕಿ ರೊಟ್ಟಿ ತೆಗೆದು ತಿಂದು, ರೊಟ್ಟಿ ಗಟ್ಟಿಯಾಗಿದೆಯೆಂದು ಸತ್ತವನನ್ನೇ ಬೈಯುತ್ತಾರೆ. "ಈ ಪುಟ ಖರೇ ಅದ" ಎಂದು ಹೇಳಿ ಪುಸ್ತಕ ಮುಚ್ಚಿದ್ದರು.

ನಾನಾಗ ನನ್ನ ಹಳೆಯ ಪಾಠದ ಧಾಟಿಯಲ್ಲಿ, ಯುದ್ಧ ಮನುಷ್ಯನನ್ನು ಮೃಗವಾಗಿಸುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ ಎಂದೆ. ದುರುಗಪ್ಪ ಪುಸ್ತಕವನ್ನು ಪಕ್ಕಕ್ಕೆ ಸರಿಸಿದರು.

"ಮೃಗ ಆಗೂದಿದ್ರ ಚೊಲೋ ಇತ್ತಲ್ರಿ ಸರ. ನಮ್ಮೂರಾಗ ಜೋಡೆತ್ತಿನಾಗ ಒಂದು ಸತ್ರ ಇನ್ನೊಂದು ಮೇವು ಮುಟ್ಟಂಗಿಲ್ಲ."

ನಾನು ಕನ್ನಡಕ ಒರೆಸಿಕೊಂಡೆ. ಮೇಷ್ಟ್ರುಗಳಿಗೆ ಉತ್ತರ ಹೊಳೆಯದಾಗ ಕನ್ನಡಕದಲ್ಲಿ ಧೂಳು ಕಾಣುತ್ತದೆ.

ಗ್ರಂಥಾಲಯ ಮುಚ್ಚಿದ ಮೇಲೆ ನಾವಿಬ್ಬರೂ ಹತ್ತಿರದ ಚಹಾದಂಗಡಿಯಲ್ಲಿ ನಿಲ್ಲುವುದು ರೂಢಿಯಾಯಿತು. ಅಲ್ಲಿ ನಾನೊಂದು ವಿಚಿತ್ರ ಗಮನಿಸಿದೆ. ದುರುಗಪ್ಪ ಚಹಾದ ಗ್ಲಾಸನ್ನು ಎಲ್ಲಿಯೂ ಇಡುತ್ತಿರಲಿಲ್ಲ. ಬೆರಳು ಸುಡುವಷ್ಟು ಬಿಸಿಯಿದ್ದರೂ ಈ ಕೈಯಿಂದ ಆ ಕೈಗೆ ಬದಲಿಸುತ್ತಾ, ಎದುರಿಗೇ ಕಟ್ಟೆಯಿದ್ದರೂ ಇಡದೆ, ಮುಗಿಯುವತನಕ ಹಿಡಿದುಕೊಂಡೇ ಕುಡಿದು ಅಂಗಡಿಯವನ ಕೈಗೇ ಕೊಡುತ್ತಿದ್ದರು. ಒಂದು ದಿನ ನಾನೇ, "ಕೆಳಗಿಡ್ರೀ ಸುಬೇದಾರ್ರ, ಕೈ ಸುಡ್ತದ" ಎಂದೆ. ಅವರು ನಕ್ಕರು. ಆಮೇಲೆ ಯಾವಾಗಲೋ, ನಾನು ಕೇಳುವುದನ್ನು ಬಿಟ್ಟ ಮೇಲೆ, ತಾವಾಗಿಯೇ ಹೇಳಿದರು.

ಹಿಮದ ಗಡಿಯೊಂದರಲ್ಲಿ ಅವರ ತುಕಡಿ ಎದುರಾಳಿಯ ಬಂಕರೊಂದನ್ನು ವಶಮಾಡಿಕೊಂಡಿತ್ತು. ಬಂಕರಿನ ಬಾಯಲ್ಲಿ ಎದುರಾಳಿಯ ಕಡೆಯ ಒಬ್ಬ ಸೈನಿಕ ಸತ್ತು ಬಿದ್ದಿದ್ದ. ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಯಾರ ಗುಂಡೋ ಗೊತ್ತಿಲ್ಲ, ದುರುಗಪ್ಪನವರದೇ ಇದ್ದರೂ ಇದ್ದೀತು. ನೆಲ ಕಲ್ಲಿಗಿಂತ ಗಟ್ಟಿ, ಹೂಳಲು ಬರುವಂತಿಲ್ಲ. ಹೊರಗೆ ತಲೆಯೆತ್ತಿದರೆ ಗುಂಡು, ಸಾಗಿಸಲೂ ಬರುವಂತಿಲ್ಲ. ಮೊದಲ ದಿನ ಮುಖದ ಮೇಲೊಂದು ಟಾರ್ಪಾಲು ಹೊದಿಸಿ, ಅವನಿದ್ದ ಕಡೆ ಯಾರೂ ನೋಡಲಿಲ್ಲ. ಆಮೇಲೆ ದಾಟಿ ಓಡಾಡಿದರು. ಆಮೇಲೆ ಒಬ್ಬ ಅವನ ಮೇಲೇ ಕೂತ. ಇಡೀ ಬಂಕರಿನಲ್ಲಿ ಮಟ್ಟಸವಾದ ಜಾಗ ಇನ್ನೊಂದಿರಲಿಲ್ಲ, ಚಹಾದ ಮಗ್ಗು ಎಲ್ಲಿಟ್ಟರೂ ಉರುಳುತ್ತಿತ್ತು, ಅವನ ಎದೆಯ ಮೇಲೆ ಉರುಳುತ್ತಿರಲಿಲ್ಲ. "ಸಿಟ್ಟಿಲೆ ಇಟ್ಟಿಲ್ರಿ ಸರ, ದ್ವೇಷ ಇಲ್ಲ ಏನಿಲ್ಲ. ಚಹಾ ಚೆಲ್ಲಬಾರದು ಅಂತ ಇಟ್ಟಿವಿ" ಎಂದರು ದುರುಗಪ್ಪ. ಅವನಿಗೆ ಅವರೆಲ್ಲ ಸೇರಿ ಒಂದು ಹೆಸರಿಟ್ಟರು, 'ಮೇಜ್' ಎಂದು. ಮಗ್ಗು ಎಲ್ಲಿ ಎಂದರೆ ಮೇಜ್ ಮೇಲೆ, ಟಾರ್ಚು ಎಲ್ಲಿ ಎಂದರೆ ಮೇಜ್ ಮೇಲೆ. ವಾರಗಳ ನಂತರ ಕೆಳಗಿನಿಂದ ಬೇರೆ ತುಕಡಿ ಬಂದಾಗ ಅವರಲ್ಲೊಬ್ಬ ಕಿರುಚಿದ ಮೇಲೆಯೇ ಅದು ಮನುಷ್ಯ ಎಂಬುದು ಇವರಿಗೆ ಮತ್ತೆ ನೆನಪಾದದ್ದು.

ಕ್ರೌರ್ಯವೆಂದರೆ ಕಣ್ಣು ಕೆಂಪಾಗಿ, ಹಲ್ಲು ಕಡಿದು, ಅಬ್ಬರಿಸುತ್ತಾ ಬರುವಂಥದ್ದು ಎಂದು ಸಾಹಿತ್ಯ ನನಗೆ ಕಲಿಸಿತ್ತು. ಅದು ಅನುಕೂಲದ ವೇಷದಲ್ಲಿ, ಚಹಾ ಚೆಲ್ಲಬಾರದೆಂಬ ಮಿತವ್ಯಯದಲ್ಲಿ ಬರುತ್ತದೆಂದು ಯಾವ ಅಲಂಕಾರಶಾಸ್ತ್ರವೂ ಹೇಳಲಿಲ್ಲ. ಎದುರಿನವನು ಮೀನಾಗುವುದಿಲ್ಲ, ತಾವರೆಯಾಗುವುದಿಲ್ಲ, ಮೇಜಾಗುತ್ತಾನೆ. ನಾವೆಲ್ಲರೂ ದಿನವೂ ಬಳಸುವಂಥ ಮೇಜು.

ಇಲ್ಲಿಗೆ ಮುಗಿದಿದ್ದರೆ ದುರುಗಪ್ಪ ಗ್ಲಾಸನ್ನು ಎಲ್ಲಿ ಬೇಕಾದರೂ ಇಡುತ್ತಿದ್ದರೇನೋ. ಆ ಬಂಕರಿನಿಂದ ಇಳಿದ ಸ್ವಲ್ಪ ದಿನಕ್ಕೇ ಊರಿಂದ ಸುದ್ದಿ ಬಂತು, ತಾಯಿಗೆ ಜಡ್ಡು ಹೆಚ್ಚಾಗಿದೆಯೆಂದು. ರೈಲು, ಬಸ್ಸು ಬದಲಿಸಿ ಅರಕೇರಾ ಮುಟ್ಟುವಷ್ಟರಲ್ಲಿ ತಾಯಿ ಹೋಗಿಯಾಗಿತ್ತು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಹೊಸ ಸೀರೆ ಉಡಿಸಿ, ಹಣೆತುಂಬ ಅರಿಷಿಣ ಕುಂಕುಮ ಹಚ್ಚಿ, ಗೋಡೆಗೆ ಒರಗಿಸಿ, ಮನೆಗೆ ಬಂದ ಮಂದಿಯನ್ನು ನೋಡುತ್ತಾ ಕೂತವರ ಹಾಗೆ ಕೂಡಿಸುತ್ತಾರೆ. ಹೆಂಗಸರು ಮುಂದೆ ಕೂತು, ಹಾಡಿಕೊಂಡು ಅಳುತ್ತಾ, ಸತ್ತವರ ಜೊತೆ ಮಾತಾಡುತ್ತಾರೆ. ಯಾಕೆ ಹೇಳದೆ ಹೊರಟೆ, ಯಾರಿಗೆ ಬಿಟ್ಟು ಹೊರಟೆ ಎಂದು ಕೈಹಿಡಿದು ಕೇಳುತ್ತಾರೆ. ಹೆಣವನ್ನು ನೆಲದ ಮೇಲೆ ಮಲಗಿಸಿ, ಮಡಿಯ ಅವಸರದಲ್ಲಿ ಬೇಗಬೇಗನೆ ಎತ್ತುವ ಮನೆತನದಲ್ಲಿ ಹುಟ್ಟಿದ ನನಗೆ ಈ ಪದ್ಧತಿ ಕೇಳಿ ನಿಜವಾಗಿ ಹೊಟ್ಟೆಕಿಚ್ಚಾಯಿತು. ಮಣ್ಣು ಸೇರುವ ಗಳಿಗೆಯವರೆಗೂ ಅವರಲ್ಲಿ ಮನುಷ್ಯ ಮನುಷ್ಯನೇ.

ದುರುಗಪ್ಪ ಹೋಗಿ ತಾಯಿಯ ಮಗ್ಗುಲಲ್ಲಿ ಕೂತರು. ದಣಿದು ಬಂದ ಮಗನಿಗೆ ಯಾರೋ ಚಹಾ ತಂದುಕೊಟ್ಟರು. ಎರಡು ಗುಟುಕು ಕುಡಿದರು. ಬಿಸಿಯಿತ್ತು. ಗ್ಲಾಸನ್ನು ತಾಯಿಯ ತೊಡೆಯ ಮೇಲೆ ಇಟ್ಟರು.

ಮನೆತುಂಬ ಇದ್ದ ಅಳು ಒಮ್ಮೆಗೇ ನಿಂತಿತಂತೆ. ಅಕ್ಕ ಹುಲಿಗೆಮ್ಮ ಎದ್ದು ಬಂದು ಗ್ಲಾಸನ್ನು ಕಸಿದು ಅಂಗಳಕ್ಕೆ ಎಸೆದರು. ಫೌಜಿಗೆ ಹೋಗಿ ಮನುಷ್ಯತ್ವ ಕಳಕೊಂಡು ಬಂದಾನ ಎಂದು ಊರ ಹಿರಿಯರು ತೀರ್ಮಾನಿಸಿ, ಮಣ್ಣು ಕೊಡುವಾಗ ಹೆತ್ತ ಮಗನನ್ನು ಹಿಂದೆ ನಿಲ್ಲಿಸಿದರು. ತಾಯಿ ಸತ್ತ ದಿನ ಮಾತು ಬಿಟ್ಟ ಅಕ್ಕ ಇಪ್ಪತ್ತು ವರ್ಷ ಕಳೆದರೂ ಆಡಿರಲಿಲ್ಲ. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನಲ್ಲಿ ಆಕೆಯ ಗಂಡನ ಮನೆ. ದುರುಗಪ್ಪ ಬಾಗಿಲಿಗೆ ಹೋದರೆ ಎದ್ದು ಒಳಗೆ ಹೋಗುತ್ತಿದ್ದರು, ಹಬ್ಬಕ್ಕೆ ಸೀರೆ ಕಳಿಸಿದರೆ ಹೋದ ದಾರಿಯಲ್ಲೇ ಬರುತ್ತಿತ್ತು. ಸಣ್ಣವರಿದ್ದಾಗ ತಾಯಿ ಕೂಲಿಗೆ ಹೋದರೆ ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ.

"ಹಂಗ್ಯಾಕ ಮಾಡಿದಿ ಅಂತ ಒಂದ್ ಸಲ ಕೇಳಿದ್ರ ಹೇಳತಿದ್ದೆ. ಯಾರೂ ಕೇಳಲಿಲ್ರಿ" ಎಂದರು ದುರುಗಪ್ಪ.

ಆ ವರ್ಷವೇ ಮಾನ್ವಿಯಲ್ಲಿ ಒಂದು ಸಾಹಿತ್ಯ ಸಮಾರಂಭ ಗೊತ್ತಾಯಿತು. 'ಯುದ್ಧ ಮತ್ತು ಸಾಹಿತ್ಯ' ಎಂಬ ಗೋಷ್ಠಿಗೆ ನಾನು ಅಧ್ಯಕ್ಷ. ಯುದ್ಧವೆಂದರೆ ಹೆಂಡತಿಯೊಂದಿಗಿನದನ್ನು ಬಿಟ್ಟು ಬೇರೇನೂ ಕಾಣದವನನ್ನು ಹುಡುಕಿ ಅಧ್ಯಕ್ಷನನ್ನಾಗಿ ಮಾಡುವುದು ನಮ್ಮ ಸಾಹಿತ್ಯ ಲೋಕದ ಮರ್ಯಾದೆ. ಸಂಗತಿ ದುರುಗಪ್ಪನವರಿಗೆ ತಿಳಿದ ದಿನ ಅವರು ನನ್ನ ಮನೆಗೇ ಬಂದರು. ಸಮಾರಂಭದಲ್ಲಿ ನಾಡಗೀತೆ ಹಾಡುವ ಶಾಲೆಯ ಮಕ್ಕಳಲ್ಲಿ ಹುಲಿಗೆಮ್ಮನ ಮೊಮ್ಮಗಳೂ ಇದ್ದಳು, ಅಜ್ಜಿ ಬಂದೇ ಬರುತ್ತಿದ್ದರು. "ನನಗೊಂದು ಹತ್ತು ನಿಮಿಷ ಮಾತಾಡಾಕ ಕೊಡಿಸ್ರಿ ಸರ. ಮನ್ಯಾಗಾದ್ರ ಎದ್ದು ಹೋಗ್ತಾಳ. ಮಂದಿ ನಡುವ ಕುಂತಾಕಿ ಎದ್ದು ಹೋಗಂಗಿಲ್ಲ. ಮಗ್ಗಿಂದೂ ಹೇಳ್ತೀನಿ, ಅವ್ವಂದೂ ಹೇಳ್ತೀನಿ. ಎರಡೂ ಕೂಡೇ ಕೇಳಿದ್ರ ತಿಳೀತದ ಆಕಿಗಿ."

ಸಂಘಟಕರ ಕಾರ್ಯದರ್ಶಿಗೆ ಇದನ್ನು ಕೇಳಿ ಪರಮಾನಂದವಾಯಿತು. ಗೋಷ್ಠಿಯಲ್ಲಿ ನಿಜವಾದ ಯೋಧ! ಸಮವಸ್ತ್ರದಲ್ಲಿ, ಪದಕಗಳ ಸಮೇತ ಬರಬೇಕೆಂದು ಕೋರಿದರು. ದುರುಗಪ್ಪ ಬಿಳಿಯ ಅಂಗಿ ಹಾಕಿಕೊಂಡು ಬಂದರು. ಸಭಾಭವನ ತುಂಬಿತ್ತು, ಏಕೆಂದರೆ ಹೊರಗೆ ಊಟ ಸಿದ್ಧವಾಗುತ್ತಿರುವ ವಾಸನೆ ಬರುತ್ತಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ವಿದ್ವಾಂಸರೊಬ್ಬರು ಪ್ರಾಚೀನ ಕಾವ್ಯಗಳಲ್ಲಿ ಬಾಣಗಳ ಪ್ರಭೇದಗಳ ಕುರಿತು ಪ್ರಬಂಧ ಓದಿದರು, ಅದು ಮುಗಿಯುವಷ್ಟರಲ್ಲಿ ಬಹಳಷ್ಟು ಜನ ಮೂರ್ಛೆಹೋಗಿದ್ದರು. ಹೆಂಗಸರ ಸಾಲಿನಲ್ಲಿ, ಕಂಬದ ಮಗ್ಗುಲಿಗೆ, ಹಸಿರು ಇಳಕಲ್ಲಿನ ಸೆರಗನ್ನು ತಲೆಯ ಮೇಲೆ ಹೊದ್ದು ಕೂತಿದ್ದ ಮುದುಕಿಯನ್ನು ದುರುಗಪ್ಪ ನನಗೆ ಕಣ್ಣಲ್ಲೇ ತೋರಿಸಿದರು. ಆಕೆ ವೇದಿಕೆಯ ಕಡೆ ನೋಡುತ್ತಿರಲಿಲ್ಲ.

ದುರುಗಪ್ಪ ಮೈಕಿನ ಮುಂದೆ ನಿಂತು, ಸ್ವಾಗತ ಸಂಬೋಧನೆಗಳೇನೂ ಇಲ್ಲದೆ, ಬಂಕರಿನಿಂದಲೇ ಶುರುಮಾಡಿದರು. ನಿದ್ರಿಸುತ್ತಿದ್ದವರು ಎದ್ದರು. ಸಭೆ ಎಷ್ಟು ನಿಶ್ಶಬ್ದವಾಯಿತೆಂದರೆ ಹಿಂದಿನಿಂದ ಪಾತ್ರೆಗಳ ಸದ್ದು ಕೇಳುತ್ತಿತ್ತು. ಹುಡುಗ ಸತ್ತು ಬಿದ್ದಿದ್ದನ್ನು ಹೇಳಿದರು, ಹೊದಿಸಿದ್ದನ್ನು, ದಾಟಿದ್ದನ್ನು, ಕೂತಿದ್ದನ್ನು ಹೇಳಿದರು. "ಎಲ್ಲಿಟ್ರೂ ಮಗ್ಗು ಉಳ್ಳತಿತ್ತು. ಕಡೀಕ ಅವನ ಎದಿ ಮ್ಯಾಲ ಇಟ್ಟಿವಿ. ಅವಗ ಮೇಜ್ ಅಂತ ಹೆಸರಿಟ್ಟಿವಿ" ಎಂದರು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇನ್ಯಾರೋ, "ಶಭಾಷ್!" ಎಂದರು. ಅಷ್ಟೇ ಸಾಕಾಯಿತು. ಒಂದು ಚಪ್ಪಾಳೆ ಬಿತ್ತು, ಅದರ ಬೆನ್ನಿಗೆ ಇಡೀ ಸಭೆ ಚಪ್ಪಾಳೆ ತಟ್ಟಿತು. ಶಿಳ್ಳೆ ಬಿದ್ದವು, ಜೈಕಾರ ಎದ್ದಿತು. ಶತ್ರುವಿನ ಎದೆಯ ಮೇಲೆ ಚಹಾ! ಇದಕ್ಕಿಂತ ವೀರರಸ ಇನ್ನೇನು ಬೇಕು? ಪದ್ಯದಲ್ಲಿ ಸೊಗಸು ಹುಡುಕಲು ನಾವು ಮೇಷ್ಟ್ರುಗಳು ಕಲಿಸಿದ ಮಂದಿ ಗದ್ಯದಲ್ಲೂ ಅದನ್ನು ಹುಡುಕಿಕೊಂಡರು. ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ಮೊದಲ ಸಾಲಿನಲ್ಲೇ ಎದ್ದು ನಿಂತು ತಟ್ಟುತ್ತಿದ್ದರು.

"ಇನ್ನಾ ಮುಗಿದಿಲ್ರಿ" ಎಂದರು ದುರುಗಪ್ಪ. "ನಮ್ಮವ್ವಂದು ಹೇಳೂದದ..." ಅಷ್ಟರಲ್ಲಿ ಕಾರ್ಯದರ್ಶಿ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿಗಳೊಂದಿಗೆ ಓಡಿಬಂದು ಮುತ್ತಿಗೆ ಹಾಕಿಯಾಗಿತ್ತು. ನಾನು ಕಾರ್ಯದರ್ಶಿಯ ತೋಳು ಹಿಡಿದು, ಅವರು ಮಾತು ಮುಗಿಸಲಿ ಎಂದೆ. ಅವರು ನನ್ನ ಕಿವಿಯಲ್ಲಿ, "ಮುಂದ ಅವ್ವ ಸತ್ತಿದ್ದು ಗಿತ್ತಿದ್ದು ಹೇಳ್ತಾರಂತ್ರಿ ಸರ, ಮಂದಿ ಊಟಕ್ಕ ಏಳೂ ಹೊತ್ತು. ಇಲ್ಲಿಗೇ ಮಂಗಳ ಮಾಡೂದು ಚೊಲೋ" ಎಂದರು. ನಮ್ಮ ತಂದೆಯವರು ಸ್ವರ್ಗದಿಂದ ತಲೆದೂಗಿರಬೇಕು. ನಾನು ಸಿಟ್ಟಿನಿಂದ ಎದ್ದು ನಿಂತು, ಸಭೆಯ ಕಡೆ ಕೈಯೆತ್ತಿ, ನಿಲ್ಲಿಸಿ ಎಂದು ಕೂಗಿದೆ. ಮೈಕು ನಿರೂಪಕನ ಕೈಯಲ್ಲಿತ್ತು. "ನೋಡಿ, ಗೋಷ್ಠಿಯ ಅಧ್ಯಕ್ಷರೂ ಭಾವುಕರಾಗಿ ಎದ್ದು ನಿಂತು ಗೌರವ ಸಲ್ಲಿಸುತ್ತಿದ್ದಾರೆ!" ಎಂದು ಅವನು ಘೋಷಿಸಿದ. ಚಪ್ಪಾಳೆ ಇಮ್ಮಡಿಯಾಯಿತು. ಬಾಳೆಲ್ಲ ಕೂಗಿ ಪಾಠ ಹೇಳಿದವನ ದನಿ ಅವತ್ತು ಎರಡನೆಯ ಸಾಲನ್ನೂ ಮುಟ್ಟಲಿಲ್ಲ. ದುರುಗಪ್ಪ ಪೇಟದ ಕೆಳಗಿನಿಂದ ಹೆಂಗಸರ ಸಾಲನ್ನೇ ನೋಡುತ್ತಿದ್ದರು. ಕಂಬದ ಮಗ್ಗುಲಿನ ಜಾಗ ಖಾಲಿಯಾಗಿತ್ತು.

ಊಟದ ಗದ್ದಲ ಬಿಟ್ಟು ನಾವಿಬ್ಬರೂ ಹೊರಗೆ ಬಂದೆವು. ರಸ್ತೆಯ ಆಚೆ, ಬೇವಿನಮರದ ನೆರಳಿನಲ್ಲಿ ಹುಲಿಗೆಮ್ಮ ಮೊಮ್ಮಗಳೊಂದಿಗೆ ಬಸ್ಸಿಗೆ ಕಾಯುತ್ತಾ ನಿಂತಿದ್ದರು. ದುರುಗಪ್ಪ ಪೇಟ, ಹಾರಗಳನ್ನು ಕಿತ್ತು ನನ್ನ ಕೈಗೆ ತುರುಕಿ, ದಾಟಿಹೋಗಿ ಅಕ್ಕನಿಂದ ಒಂದಿಷ್ಟು ದೂರದಲ್ಲಿ ನಿಂತರು. ಆಕೆ ಎದ್ದು ಹೋಗಲು ಅಲ್ಲಿ ಒಳಮನೆ ಇರಲಿಲ್ಲ. ಹುಲಿಗೆಮ್ಮ ರಸ್ತೆಯನ್ನು ನೋಡುತ್ತಲೇ ಕೇಳಿದರು.

"ಆ ಹುಡುಗನ್ನ ಕೂಡಿಸಿದ್ರೇನು?"

"ಇಲ್ಲಕ್ಕ. ಸೆಟೆದು ಹೋಗಿದ್ದ. ಕಡೀಕ ಕಲ್ಲು ಮುಚ್ಚಿ ಬಂದಿವಿ."

"ಅಂವನ ಹೆಸರು?"

"ಗೊತ್ತಿಲ್ಲಕ್ಕ."

"ಯಾರರ ಅತ್ತರೇನು?"

ದುರುಗಪ್ಪ ತಲೆಯಲ್ಲಾಡಿಸಿದರು. ಹುಲಿಗೆಮ್ಮ ಅಲ್ಲಿಯೇ, ಮರದ ಬುಡದಲ್ಲಿ, ಕುಕ್ಕರಿಸಿ ಕೂತರು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಊರಲ್ಲಿ ಸತ್ತವರ ಮುಂದೆ ಕೂತು ಅಳುವ ಹಾಗೆಯೇ ದನಿ ತೆಗೆದು, "ಯಾವ ತಾಯಿ ಮಗನೋ ನನ ಯಪ್ಪಾ, ನಿನ್ನ ಕೂಡಿಸೋರಿಲ್ಲದಂಗ ಆತೋ ನನ ಯಪ್ಪಾ" ಎಂದು ಅಳತೊಡಗಿದರು. ಊಟ ಮುಗಿಸಿ ಬಂದ ಸಾಹಿತ್ಯಾಸಕ್ತರು ಎಲೆ ಅಡಿಕೆ ಹಾಕಿಕೊಳ್ಳುತ್ತಾ, ಮುದುಕಿಗೆ ಏನಾಯಿತೆಂದು ನೋಡಿ ಮುಂದೆ ಹೋದರು. ನಾನು ಪೇಟ ಹಿಡಿದು ನಿಂತಿದ್ದೆ. ನಾನು ಅಷ್ಟು ವರ್ಷ ಪಾಠ ಹೇಳಿದ ಯಾವ ಕಾವ್ಯದಲ್ಲಿಯೂ ಗೆದ್ದವರ ಕಡೆಯ ಹೆಂಗಸೊಬ್ಬಳು ಸೋತವರ ಕಡೆಯ ಕಾಲಾಳಿಗಾಗಿ ಹೀಗೆ ಅತ್ತದ್ದು ನನಗೆ ನೆನಪಾಗಲಿಲ್ಲ. ಇದ್ದಿದ್ದರೂ ನಮ್ಮ ತಂದೆ ಆ ಪುಟಗಳನ್ನು ಹಾರಿಸಿರುತ್ತಿದ್ದರು.

ಬಸ್ಸು ಬಂತು. ಹುಲಿಗೆಮ್ಮ ಮುಖ ಒರೆಸಿಕೊಂಡು, ಮೊಮ್ಮಗಳ ಕೈಹಿಡಿದು ಹತ್ತಿದರು. ತಾಯಿಯ ವಿಷಯ ತಮ್ಮ ಹೇಳಲೂ ಇಲ್ಲ, ಆಕೆ ಕೇಳಲೂ ಇಲ್ಲ. ಅರ್ಧ ಕೇಳಿಯೇ ಆಕೆಗೆ ಪೂರ್ತಿ ತಿಳಿದಿತ್ತೆಂದು ನನ್ನ ನಂಬಿಕೆ. ಪೂರ್ತಿ ತಿಳಿದರೆ ಕ್ಷಮಿಸಿಬಿಡುತ್ತಾರೆ ಎಂಬುದು ಸಾಹಿತ್ಯದವರ ಇನ್ನೊಂದು ಮೂಢನಂಬಿಕೆ. ಬಸ್ಸು ಹೊರಟಾಗ ಆಕೆ ತಮ್ಮನ ಕಡೆ ತಿರುಗಲಿಲ್ಲ.

ಮರುದಿನದ ಸ್ಥಳೀಯ ಪತ್ರಿಕೆಯಲ್ಲಿ, 'ವೈರಿಯ ಎದೆಯನ್ನೇ ಮೇಜು ಮಾಡಿಕೊಂಡ ಧೀರ ಯೋಧ' ಎಂಬ ತಲೆಬರಹದ ಕೆಳಗೆ ಪೇಟ ತೊಟ್ಟ ದುರುಗಪ್ಪನವರ ಚಿತ್ರ ಬಂತು. ವಾರದೊಳಗೆ ಅರಕೇರಾದ ಬಸ್‌ಸ್ಟಾಂಡಿನಲ್ಲಿ ಅದೇ ಚಿತ್ರ ಫ್ಲೆಕ್ಸಾಗಿ ಏರಿತು. ತಾಯಿಗೆ ಮಣ್ಣು ಕೊಡುವಾಗ ಅವರನ್ನು ಹಿಂದೆ ನಿಲ್ಲಿಸಿದ್ದ ಹಿರಿಯರಲ್ಲಿ ಬದುಕಿ ಉಳಿದವರ ಫೋಟೋಗಳು ಕೆಳಗಡೆ ಸಾಲಾಗಿ, ಶುಭ ಕೋರುವವರ ಜಾಗದಲ್ಲಿ. ಒಂದೇ ಕೈ, ಒಂದೇ ಚಹಾ. ತಾಯಿಯ ಮೇಲಿಟ್ಟಾಗ ಮನುಷ್ಯತ್ವ ಹೋಯಿತೆಂದು ಹೊರಗಿಟ್ಟ ಊರು, ಬೇರೆ ತಾಯಿಯ ಮಗನ ಮೇಲಿಟ್ಟದ್ದಕ್ಕೆ ಫ್ಲೆಕ್ಸು ಕಟ್ಟಿತು. ದುರುಗಪ್ಪ ಅದನ್ನು ಕಿತ್ತುಹಾಕಲು ಹೋದಾಗ ಊರ ಹುಡುಗರು, "ಏ ಕಾಕಾ, ಊರ ಮರ್ಯಾದಿ ಅದು" ಎಂದು ತಡೆದು, ಅವರೊಂದಿಗೆ ನಿಂತು ಸೆಲ್ಫಿ ತೆಗೆದುಕೊಂಡರಂತೆ. ನಾನು ಪತ್ರಿಕೆಗೊಂದು ತಿದ್ದುಪಡಿ ಬರೆದು ಕಳಿಸಿದೆ. ಅವರು ಹಾಕಲಿಲ್ಲ.

ಅಲ್ಲಿಂದ ಮುಂದೆ ದುರುಗಪ್ಪ ಗ್ರಂಥಾಲಯಕ್ಕೆ ಬರುವುದನ್ನು ಬಿಟ್ಟರು. ಮೊನ್ನೆ, ಹಿರಿಯರಿಗೆ ಎಡೆ ಇಡುವ ಮಾನಾಮಿ ಅಮಾಸಿ ಇನ್ನೇನು ಹತ್ತಿರ ಬಂತೆನ್ನುವಾಗ, ಬೆಳಿಗ್ಗೆಯೇ ಅವರ ಫೋನು ಬಂತು.

"ಸರ, ಅಕ್ಕ ಫೋನ್ ಮಾಡಿದ್ಲ್ರಿ."

ನಾನು ಕೂತಿದ್ದವನು ಎದ್ದೆ. ಏನಂದರು ಎಂದು ಕೇಳಿದೆ.

"ಆ ಹುಡುಗ ಸತ್ತ ದಿನ ಯಾವುದು ಅಂತ ಕೇಳಿದ್ಲು. ಅಲ್ಲಿ ತಾರೀಖು ಯಾರು ನೋಡ್ತಾರಕ್ಕ ಅಂದೆ. ಹಂಗಾದ್ರ ಅಮಾಸಿ ದಿನಾನ ಇಡ್ತೀನಿ, ಅವ್ವನ ಎಡಿ ಮಗ್ಗಲಕ ಅಂವಂದೂ ಒಂದು ಎಡಿ ಇಡ್ತೀನಿ ಅಂದ್ಲು."

"ನಿಮಗ ಬಾ ಅಂದರೇನ್ರಿ?"



"ನೀ ಬರಬ್ಯಾಡ ಅಂದ್ಲ್ರಿ" ಎಂದರು ದುರುಗಪ್ಪ. ನಾನು ಏನಾದರೂ ಸಮಾಧಾನ ಹೇಳುವ ಮೊದಲೇ ಅವರೇ ಮುಂದುವರಿಸಿದರು. "ಇರಲಿ ಬಿಡ್ರಿ ಸರ. ಮೊದಲ ಅಂವ ಉಣ್ಣಲಿ."